ಅಜ್ಜಿಯ ನೆನಪಿನ ಪುಸ್ತಿಕೆ: ವಿವರ ಕೂಡಿಸಿದ ಬಗೆ, ಅಚ್ಚು ಹಾಕಿಸಿದ ಬಗೆ

ವರ್ಷದ ತಿಥಿಗೆ ಪುಸ್ತಿಕೆ ತರಬೇಕೆಂದರೆ ಮೊದಲು ತೆರೆಯಬೇಕಾದದ್ದು ಪಂಚಾಂಗ. ತೀರಿಕೊಂಡ ತಾರೀಕು ಹಿಡಿದು ಹನ್ನೆರಡು ತಿಂಗಳಿದೆ ಎಂದು ಕೂತರೆ ಕೆಲಸ ಕೆಡುತ್ತದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಅದೇ ತಿಥಿ ಮರುವರ್ಷ ಹತ್ತು-ಹನ್ನೊಂದು ದಿನ ಮುಂಚೆಯೇ ಬರುತ್ತದೆ. ನಡುವೆ ಅಧಿಕ ಮಾಸ ಬಿದ್ದರೆ ಹದಿನೆಂಟು-ಇಪ್ಪತ್ತು ದಿನ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು, 2026ರಲ್ಲಿ ಅಧಿಕ ಜ್ಯೇಷ್ಠ. ಪುರೋಹಿತರ ಹತ್ತಿರ ತಾರೀಕು ಬರೆಸಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು: ಪ್ರೆಸ್ಸಿಗೆ ಒಂದು ತಿಂಗಳು, ಕರಡು ತಿದ್ದಲು ಒಂದು ತಿಂಗಳು, ಬರೆದು ಪುಟ ಕಟ್ಟಲು ಎರಡು ತಿಂಗಳು. ಉಳಿದದ್ದೆಲ್ಲ ವಿವರ ಕೂಡಿಸಲಿಕ್ಕೆ. ಸಾಗರದಂಥ ಊರಿನ ಪ್ರೆಸ್ಸುಗಳು ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ ಬಿಟ್ಟು ಬೇರೆ ಕೆಲಸ ಮುಟ್ಟುವುದಿಲ್ಲ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇಂಥ ಸ್ಮರಣ ಸಂಚಿಕೆಗಳು ನಮ್ಮ ಕಡೆ ಮನೆಮನೆಯಲ್ಲೂ ಇವೆ. ಹತ್ತು ತೆಗೆದು ಓದಿದರೆ ಹತ್ತರಲ್ಲೂ ಅಜ್ಜಿ ಒಬ್ಬಳೇ: ಮಮತಾಮಯಿ, ತ್ಯಾಗಮೂರ್ತಿ, ಬಂದವರಿಗೆ ಊಟ ಹಾಕದೆ ಕಳಿಸದವಳು. ಎಲ್ಲವೂ ನಿಜವೇ, ಆದರೆ ಹೆಸರು ಮುಚ್ಚಿದರೆ ಯಾರ ಮನೆಯ ಅಜ್ಜಿ ಅಂತ ಹೇಳಲಾಗದು. ನಾವು ಮೊದಲೇ ಹಾಕಿಕೊಂಡ ಕಟ್ಟಳೆ ಒಂದೇ: ಯಾರೇ ಬರೆದು ಕೊಟ್ಟರೂ ಗುಣವಾಚಕ ಹೊಡೆದುಹಾಕುವುದು, ಬದಲಿಗೆ ಒಂದು ಸಂಗತಿ ಕೇಳುವುದು. ಇಬ್ಬರು ಮೂವರು ಬೇಜಾರು ಮಾಡಿಕೊಂಡರು. ಪುಸ್ತಿಕೆ ಕೈಗೆ ಬಂದ ಮೇಲೆ ಅವರೂ ತಮ್ಮ ಪುಟವನ್ನೇ ಮೊದಲು ಓದಿದರು.

ಹುಟ್ಟಿದ ದಿನದಿಂದಲೇ ತೊಡಕು ಶುರು. ಆ ತಲೆಮಾರಿನ ಹಳ್ಳಿಯ ಹೆಂಗಸರಿಗೆ ಜನನ ಪ್ರಮಾಣಪತ್ರ ಇರುವುದು ಅಪರೂಪ. ಶಾಲೆಯ ದಾಖಲೆಯಲ್ಲಿ ಜೂನ್ 1, ಜುಲೈ 1 ಎಂಬಂಥ ತಾರೀಕು ಕಂಡರೆ ಅದು ಮೇಷ್ಟ್ರು ಬರೆದುಕೊಂಡದ್ದು, ನಂಬಬೇಡಿ. ವೋಟರ್ ಐಡಿ, ಆಧಾರ್, ರೇಷನ್ ಕಾರ್ಡು ಮೂರರಲ್ಲಿ ಮೂರು ವಯಸ್ಸಿರುತ್ತದೆ. ಮರಣ ಪ್ರಮಾಣಪತ್ರದಲ್ಲಿರುವ ವಯಸ್ಸು ಮನೆಯವರೇ ಹೇಳಿದ್ದು, ಅದು ಆಧಾರವಾಗಲಾರದು. ನಂಬಬಹುದಾದದ್ದು ಸಂವತ್ಸರ ಮತ್ತು ತಿಥಿ. ಅಜ್ಜಿಯ ಜಾತಕದ ಚೀಟಿಯಲ್ಲಿ ಬಹುಧಾನ್ಯ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ ಎಂದಿತ್ತು. ನಾಗರ ಪಂಚಮಿಯ ದಿನ ಹುಟ್ಟಿದವಳು ಎಂಬುದು ತಂಗಿಯರ ಬಾಯಲ್ಲೂ ಬಂತು. ಪ್ರಭವದಿಂದ ಎಣಿಸಿದರೆ ಬಹುಧಾನ್ಯ ಹನ್ನೆರಡನೆಯದು. ಪ್ರಭವ 1927ರ ಯುಗಾದಿಗೆ ಶುರುವಾದದ್ದು, ಹಾಗಾದರೆ ಬಹುಧಾನ್ಯ 1938ರ ಯುಗಾದಿಯಿಂದ 1939ರ ಯುಗಾದಿಯವರೆಗೆ. ಆ ವರ್ಷ ಶ್ರಾವಣದ ಪಂಚಮಿ ಆಗಸ್ಟ್ ಶುರುವಿಗೆ ಬೀಳುತ್ತದೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಸಂವತ್ಸರ ಜನವರಿಯಲ್ಲಿ ಬದಲಾಗುವುದಿಲ್ಲ, ಹಾಗಾಗಿ ಮಾಘ-ಫಾಲ್ಗುಣದಲ್ಲಿ ಹುಟ್ಟಿದವರಿಗೆ ಇಸವಿ ಒಂದು ಮುಂದಿನದು. ಎರಡನೆಯದಾಗಿ, ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಅಜ್ಜಿಯ ವಿಷಯದಲ್ಲಿ ಗೊಂದಲವಾಗದು, ಮುತ್ತಜ್ಜನ ಅಪ್ಪನ ವಿಷಯಕ್ಕೆ ಹೋದಾಗ ಆಗುತ್ತದೆ. ಚೀಟಿಯಲ್ಲಿ ವಾರವನ್ನೂ ಬರೆದಿದ್ದರೆ ಹಳೆಯ ಪಂಚಾಂಗದ ಎದುರು ಹಿಡಿದು ನೋಡಿ. ತಿಥಿಗೂ ವಾರಕ್ಕೂ ತಾಳೆಯಾದರೆ ತಾರೀಕು ಗಟ್ಟಿ.

ಬದುಕಿನ ಉಳಿದ ಘಟನೆಗಳಿಗೆ ಯಾರೂ ಇಸವಿ ಹೇಳುವುದಿಲ್ಲ. ಶರಾವತಿ ಕಣಿವೆಯ ಜನಕ್ಕೆ ಕಾಲದ ಗಡಿಕಲ್ಲು ಮುಳುಗಡೆ, ಅಂದರೆ ಅಣೆಕಟ್ಟಿನ ನೀರಿಗೆ ಊರು-ಗದ್ದೆ ಮುಳುಗಿದ್ದು. "ಅದು ಮುಳುಗಡೆಗಿಂತ ಮೊದಲು", "ಮುಳುಗಡೆಯಾಗಿ ಎರಡು ಮಳೆಗಾಲ ಆದ ಮೇಲೆ". ಇದನ್ನು ಕೇಳಿದ ಕೂಡಲೇ 1964 ಎಂದು ಬರೆದುಕೊಳ್ಳುವ ಹಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ ನಿಜ. ಆದರೆ ಅದಕ್ಕೂ ಮೊದಲು, 1940ರ ದಶಕದಲ್ಲಿ, ಹಿರೇಭಾಸ್ಕರ ಅಣೆಕಟ್ಟೆಯಿಂದಲೂ ಜಮೀನು ಮುಳುಗಿತ್ತು. ಆ ಅಣೆಕಟ್ಟೆಯೇ ಆಮೇಲೆ ಲಿಂಗನಮಕ್ಕಿಯ ನೀರಿನ ಅಡಿಗೆ ಹೋಯಿತು. ತೊಂಬತ್ತು ದಾಟಿದವರು 'ಮುಳುಗಡೆ' ಎಂದಾಗ ಯಾವುದು ಎಂದು ಕೇಳಲೇಬೇಕು. ನೇರವಾಗಿ ಕೇಳಿದರೆ ಗಲಿಬಿಲಿಯಾಗುತ್ತಾರೆ. "ಆಗ ನಿಮ್ಮ ದೊಡ್ಡ ಮಗ ಹುಟ್ಟಿದ್ದನಾ?" ಎಂದರೆ ತಕ್ಷಣ ಉತ್ತರ ಸಿಗುತ್ತದೆ. ಇನ್ನೊಂದು ಸಂಗತಿ: ನೀರು ಒಂದೇ ದಿನ ಬಂದದ್ದಲ್ಲ. ಗದ್ದೆ ಒಂದು ವರ್ಷ, ಮನೆ ಇನ್ನೊಂದು ವರ್ಷ. ಮನೆ ಬಿಟ್ಟದ್ದು, ಹೊಸ ಜಾಗಕ್ಕೆ ಬಂದದ್ದು, ಅಲ್ಲಿ ಮೊದಲ ಬೆಳೆ ತೆಗೆದದ್ದು ಮೂರನ್ನೂ ಬೇರೆ ಬೇರೆ ಕೇಳಿ ಬರೆದುಕೊಂಡೆವು. ನಡುವೆ ನೆಂಟರ ಮನೆಯ ಅಟ್ಟದಲ್ಲಿ ಪಾತ್ರೆ-ಪಗಡೆ ಇಟ್ಟುಕೊಂಡು ಕಳೆದ ಕಾಲ ಯಾವ ಕಾಗದದಲ್ಲೂ ಇರುವುದಿಲ್ಲ. ಅದು ಬಾಯಿಮಾತಿನಲ್ಲೇ ಸಿಗಬೇಕು.

ಬೇರೆ ಗಡಿಕಲ್ಲುಗಳೂ ಇವೆ. ಗಾಂಧಿ ಸತ್ತ ಸುದ್ದಿ (1948ರ ಜನವರಿ), ಚೀನಾ ಯುದ್ಧ (1962), ನೆಹರೂ ಹೋದದ್ದು (1964ರ ಮೇ), ಎಲ್ಲರೂ ಬಾಗಿಲು ಹಾಕಿಕೊಂಡು ಕೂತ ಸೂರ್ಯಗ್ರಹಣ (1980ರ ಫೆಬ್ರವರಿ 16), ಇಂದಿರಾ ಗಾಂಧಿ ಕೊಲೆ (1984ರ ಅಕ್ಟೋಬರ್ 31). ಆಣೆಯ ಲೆಕ್ಕವನ್ನು ಮಾತ್ರ ನಂಬಬೇಡಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಆದರೆ ನಾಲ್ಕಾಣೆ-ಎಂಟಾಣೆ ಎಂದು ಜನ ಅದಾಗಿ ಎಷ್ಟೋ ದಶಕ ಹೇಳುತ್ತಲೇ ಇದ್ದರು.

ಕಾಗದಪತ್ರದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸರ್ಕಾರಿ ದಾಖಲೆಗಿಂತ ಮುಯ್ಯಿ ಪಟ್ಟಿ. 1955ರಲ್ಲಿ, ಮನ್ಮಥ ಸಂವತ್ಸರದಲ್ಲಿ, ನಡೆದ ಮದುವೆಯದು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಯಾರು, ಯಾವ ಊರಿನಿಂದ, ಏನು ಕೊಟ್ಟರು ಎಂದು ಬರೆದಿಟ್ಟಿದ್ದರು. ಈಗ ನೀರಿನಡಿಯಿರುವ ಊರುಗಳ ಹೆಸರು, ಸಂಬಂಧ ಕಡಿದುಹೋದ ಮನೆಗಳ ಹೆಸರು ಅಲ್ಲಿ ಸಾಲಾಗಿ ಇವೆ. ಆ ಪಟ್ಟಿಯನ್ನು ಮುಂದಿಟ್ಟು ಒಂದೊಂದೇ ಹೆಸರು ಓದುತ್ತ ಹೋದರೆ ಹಿರಿಯರಿಗೆ ಮಾತು ತಾನಾಗಿ ಬರುತ್ತದೆ. ಜಮೀನಿನ ಕಡೆಯಿಂದ ಪಹಣಿ, ಮ್ಯುಟೇಶನ್, ಪರಿಹಾರದ ಕಾಗದಗಳು. ಗೇಣಿದಾರರ ಮನೆಯಾಗಿದ್ದರೆ 1974ರ ಭೂಸುಧಾರಣೆಯ ನಂತರ ಗೇಣಿಯ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಹಾಕಿದ ನಮೂನೆ 7ರ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ. ಆದೇಶದ ಪ್ರತಿಯಲ್ಲಿ ಕೆಲವೊಮ್ಮೆ ಹೇಳಿಕೆಗಳ ಸಾರಾಂಶವೂ ಇರುತ್ತದೆ: ಯಾವ ಗದ್ದೆ, ಎಷ್ಟು ವರ್ಷದಿಂದ ಸಾಗುವಳಿ, ಗೇಣಿ ಎಷ್ಟು ಖಂಡುಗ. ಇವೆಲ್ಲ ಗಂಡಸರ ಹೆಸರಿನಲ್ಲೇ ಇರುತ್ತವೆ. ಅಜ್ಜಿಯ ಹೆಸರು ಕಾಣಿಸುವುದು ಅಜ್ಜ ತೀರಿದ ಮೇಲೆ ಪೌತಿ ಖಾತೆ (ತೀರಿದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿದಾಗಲೇ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ತವರಿನ ಕಡೆಯ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು, ಕರೆಯುತ್ತಿದ್ದದ್ದು ಮತ್ತೊಂದು. ಮೂರನ್ನೂ ಒಂದೇ ಪುಟದಲ್ಲಿ ಕೊಟ್ಟೆವು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಬಿಡದೆ ಬರೆದೆವು. ಗಂಡುಸಂತತಿ ಮಾತ್ರ ಇರುವ ವೃಕ್ಷವನ್ನು ಅಜ್ಜಿಯ ಪುಸ್ತಕದಲ್ಲಿ ಹಾಕುವುದು ಅಸಂಬದ್ಧ. ತೀರಿಹೋದ ಮಕ್ಕಳನ್ನೂ ಸೇರಿಸಬೇಕು. ಆ ಕಾಲದ ಹೆಂಗಸರನ್ನು ಮಕ್ಕಳೆಷ್ಟು ಎಂದರೆ ಬದುಕಿದವರನ್ನಷ್ಟೇ ಎಣಿಸುತ್ತಿದ್ದರು. ಹಡೆದದ್ದು ಎಷ್ಟು ಎಂದು ಅವರ ಓರಗಿತ್ತಿಯನ್ನೋ ತಂಗಿಯನ್ನೋ ಕೇಳಿದರೆ ಉತ್ತರ ಬೇರೆ ಬರುತ್ತದೆ. ಈ ಪ್ರಶ್ನೆ ಗಂಡಸರು ಕೇಳಬಾರದು, ಎಲ್ಲರ ಎದುರೂ ಕೇಳಬಾರದು.

ಮಾತು ದಾಖಲಿಸಲು ಮೊಬೈಲ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ ಕರೆ ಬಂದಾಗ ರೆಕಾರ್ಡಿಂಗ್ ನಿಂತುಹೋಗಬಹುದು, ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಫ್ಯಾನ್ ಆಫ್. ಮೇಜಿನ ಮೇಲೆ ಟವೆಲ್ ಮಡಚಿ ಅದರ ಮೇಲೆ ಫೋನ್, ಮಾತಾಡುವವರಿಂದ ಒಂದು ಮೊಳ ದೂರ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಿದ್ದು ಕೆಲಸಕ್ಕೆ ಬಾರದು. ಎಂಬತ್ತು ದಾಟಿದವರಿಗೆ ಮುಕ್ಕಾಲು ಗಂಟೆ ಮೇಲೆ ಬೇಡ. ಊಟದ ನಂತರ ನಿದ್ದೆ, ನಿದ್ದೆಯ ನಂತರ ಕಾಫಿ, ಕಾಫಿಯ ನಂತರ ಮಾತು. ಈ ಕ್ರಮ ತಪ್ಪಿಸಬೇಡಿ. ರೆಕಾರ್ಡಿಂಗ್ ಶುರುವಿನಲ್ಲೇ ತಾರೀಕು, ಊರು, ಯಾರ ಜೊತೆ ಮಾತು ಎಂದು ಬಾಯಲ್ಲಿ ಹೇಳಿಬಿಡಿ, ಫೈಲಿನ ಹೆಸರು ಬದಲಾದರೂ ಅದು ಉಳಿಯುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಧ್ವನಿ ಕೇಳಿ ತಾನೇ ಟೈಪಿಸುವ ಸೌಲಭ್ಯ ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ, ಹಲ್ಲಿಲ್ಲದ ಬಾಯಿಯ ಮಲೆನಾಡ ಮಾತಿಗೆ ಕೈಕೊಡುತ್ತದೆ.

ಪ್ರಶ್ನೆ ಹೇಗಿರಬೇಕು ಎಂಬುದೇ ಇಡೀ ಕೆಲಸದ ಜೀವಾಳ. "ಅಜ್ಜಿ ಹೇಗಿದ್ರು?" ಎಂದರೆ "ಎಂತ ಹೇಳ್ಲಿ ಮಾರಾಯ, ದೇವರಂಥೋಳು" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಬೆಳಗ್ಗೆ ಎದ್ದವರು ಮೊದಲು ಎತ್ಲಾಗೆ ಹೋಗ್ತಿದ್ರು? ನೀರು ಎಲ್ಲಿಂದ? ಒಂದು ಹೊತ್ತಿಗೆ ಎಷ್ಟು ಕೊಡ? ದನ ಎಷ್ಟಿದ್ವು, ಹೆಸರೇನು? ಸಿಟ್ಟು ಬಂದ್ರೆ ಯಾರಿಗೆ ಬೈತಿದ್ರು?" ಹೀಗೆ ಕೈಕಾಲಿರುವ ಪ್ರಶ್ನೆ ಕೇಳಿದಾಗ ಬಾವಿಯ ಹಗ್ಗ, ಕೊಟ್ಟಿಗೆ, ಬಚ್ಚಲೊಲೆ ಎಲ್ಲ ಒಂದೊಂದಾಗಿ ಬಂದವು. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಜಗಳವಾಗುತ್ತದೆ. ಜಗಳ ಒಳ್ಳೆಯದೇ, ಆದರೆ ಮೊದಲು ಪ್ರತ್ಯೇಕವಾಗಿ ಕೇಳಿ ಆಮೇಲೆ ಕೂರಿಸಬೇಕು. ಇಲ್ಲದಿದ್ದರೆ ಜೋರು ದನಿಯವರ ನೆನಪೇ ಇಬ್ಬರ ನೆನಪೂ ಆಗಿಬಿಡುತ್ತದೆ. ಬಗೆಹರಿಯದ್ದನ್ನು "ದೊಡ್ಡತ್ತೆ ಹೀಗೆನ್ನುತ್ತಾರೆ, ಚಿಕ್ಕತ್ತೆ ಹೀಗೆ" ಎಂದು ಎರಡನ್ನೂ ಅಚ್ಚು ಹಾಕಿದೆವು.

ಮಿಡಿ ಉಪ್ಪಿನಕಾಯಿಯ ಪುಟ ಇದಕ್ಕೆ ನಿದರ್ಶನ. ದೊಡ್ಡತ್ತೆಯ ಲೆಕ್ಕ: ನಾಲ್ಕು ಪಾವು ಅಪ್ಪೆಮಿಡಿಗೆ ಒಂದು ಪಾವು ಕಲ್ಲುಪ್ಪು. ಚಿಕ್ಕತ್ತೆಯದು: ಐದಕ್ಕೆ ಒಂದು, ಅಮ್ಮ ಯಾವತ್ತೂ ಅಷ್ಟು ಉಪ್ಪು ಹಾಕಿದವಳಲ್ಲ. ಅಜ್ಜಿ ಬಳಸುತ್ತಿದ್ದ ಹಿತ್ತಾಳೆ ಪಾವು ಇನ್ನೂ ಅಡುಗೆಮನೆಯಲ್ಲೇ ಇತ್ತು. ಅದನ್ನು ಇಬ್ಬರ ಕೈಗೂ ಕೊಟ್ಟು ಉಪ್ಪು ಅಳೆದು ತೋರಿಸಿ ಎಂದೆವು. ದೊಡ್ಡತ್ತೆ ಅಂಗೈಯಿಂದ ಮೇಲೆ ಸವರಿ ಸಮ ಮಾಡಿದರು. ಚಿಕ್ಕತ್ತೆ ಗೋಪುರ ಕಟ್ಟಿ ಹಾಗೇ ಸುರಿದರು. ತೂಕಕ್ಕೆ ಹಾಕಿದರೆ ಗೋಪುರದ ಪಾವಿನಲ್ಲಿ ಸುಮಾರು ಕಾಲು ಭಾಗ ಹೆಚ್ಚು. ಅಂದರೆ ಐದಕ್ಕೆ ಒಂದೂಕಾಲು, ನಾಲ್ಕಕ್ಕೆ ಒಂದು: ಎರಡೂ ಒಂದೇ ಅಳತೆ. ಪುಸ್ತಿಕೆಯಲ್ಲಿ ಪಾವಿನ ಲೆಕ್ಕದ ಜೊತೆಗೆ ಗ್ರಾಮಿನ ಲೆಕ್ಕವನ್ನೂ ಕೊಟ್ಟೆವು, ಪಾವು ಊರಿಂದ ಊರಿಗೆ ಬೇರೆ. ಉಳಿದ ಕ್ರಮದಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಮಿಡಿ ಕೈಯಿಂದ ಕೊಯ್ದದ್ದೇ ಆಗಬೇಕು, ಕೊಂಬೆ ಅಲ್ಲಾಡಿಸಿ ಉದುರಿಸಿದ್ದು ಪೆಟ್ಟು ತಿಂದು ಭರಣಿಯಲ್ಲಿ ಕೊಳೆಯುತ್ತದೆ. ತೊಟ್ಟು ಚೂರು ಉಳಿಸಬೇಕು, ಪೂರ್ತಿ ಮುರಿದರೆ ಸೊನೆ ಹೋಗಿ ಪರಿಮಳವೂ ಹೋಗುತ್ತದೆ. ಒರೆಸಿ, ನೆರಳಲ್ಲಿ ಆರಿಸಿ, ಉಪ್ಪು-ಮಿಡಿ ಪದರ ಪದರ. ದಿನಕ್ಕೊಮ್ಮೆ ಭರಣಿ ಕುಲುಕಿ, ಮಿಡಿ ಸುಕ್ಕಾದ ಮೇಲೆ ತೆಗೆದು, ಉಪ್ಪುನೀರು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು, ಅರಿಶಿನ ಅರೆಯುವುದು. ಒದ್ದೆ ಸೌಟು ಮುಟ್ಟಿದರೆ ಬೂಸು ಖಂಡಿತ.

ಫೋಟೋಗಳ ಕೆಲಸಕ್ಕೆ ಮಳೆಗಾಲ ಮುಗಿಯುವವರೆಗೆ ಕಾಯುವುದು ಒಳ್ಳೆಯದು, ತೇವ ಹಿಡಿದ ಫೋಟೋ ಸ್ಕ್ಯಾನರಿನ ಗಾಜಿಗೆ ಅಂಟುತ್ತದೆ. ಗೋಡೆಯ ಕಟ್ಟಿನೊಳಗೆ ಗಾಜಿಗೇ ಅಂಟಿಕೊಂಡ ಹಳೆಯ ಫೋಟೋವನ್ನು ಎಳೆದು ತೆಗೆಯಬೇಡಿ, ಮುಖದ ಭಾಗ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಪುಟದ ಆಲ್ಬಮ್ಮಿನಿಂದ ಬಿಡಿಸಲು ಹಲ್ಲಿನ ಸಂದಿ ತಿಕ್ಕುವ ದಾರವನ್ನು ಫೋಟೋದ ಹಿಂದೆ ತೂರಿಸಿ ಗರಗಸದ ಹಾಗೆ ಎಳೆದೆವು. ಸ್ಕ್ಯಾನ್ 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆ. ಅಚ್ಚಿಗೆ 300 ಬೇಕು, ಹಾಗಾಗಿ ಎರಡು ಇಂಚಿನ ಫೋಟೋವನ್ನು ನಾಲ್ಕು ಇಂಚಿಗೆ ಹಿಗ್ಗಿಸಬಹುದು, ಅದಕ್ಕಿಂತ ದೊಡ್ಡದು ಮಾಡಿದರೆ ಮಸುಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಸ್ಟುಡಿಯೋದ ಸೀಲು, ಊರು, ಕೆಲವೊಮ್ಮೆ ತಾರೀಕು ಅಲ್ಲಿರುತ್ತವೆ. ಯಾರು ಯಾರು ಎಂದು ಬರೆಯಲು ಮೆತ್ತನೆಯ ಪೆನ್ಸಿಲ್ ಮಾತ್ರ, ಬಾಲ್ ಪೆನ್ನಿನ ಗೆರೆ ಮುಂಭಾಗಕ್ಕೆ ಮೂಡುತ್ತದೆ. ಬೆಂಗಳೂರಿನಿಂದಲೂ ಅಮೆರಿಕದಿಂದಲೂ ನೆಂಟರು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳು ಕುಗ್ಗಿ ಬಂದಿದ್ದವು. 'ಡಾಕ್ಯುಮೆಂಟ್' ಆಗಿ ಕಳಿಸಿ ಎಂದು ಮತ್ತೆ ತರಿಸಿಕೊಳ್ಳಬೇಕಾಯಿತು.

ಬರಹವನ್ನು ನಾವು ಯೂನಿಕೋಡಿನಲ್ಲಿ ಟೈಪಿಸಿದ್ದೆವು. ಸಣ್ಣ ಊರಿನ ಡಿಟಿಪಿಯವರು ಈಗಲೂ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ ಪುಟ ಕಟ್ಟುವುದುಂಟು. ಯೂನಿಕೋಡನ್ನು ಅಲ್ಲಿಗೆ ನೇರ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಪರಿವರ್ತಕದಿಂದ ಬದಲಿಸಬಹುದು, ಬದಲಿಸಿದ ಮೇಲೆ ಹುಡುಕಬೇಕಾದ ತಪ್ಪುಗಳು ಗೊತ್ತಿರುವಂಥವೇ: ಅರ್ಕಾವತ್ತು ಜಾಗ ತಪ್ಪುವುದು, ಮೂರಕ್ಷರದ ಒತ್ತು ಒಡೆಯುವುದು, ಉದ್ಧರಣ ಚಿಹ್ನೆ ಬೇರೆ ಅಕ್ಷರವಾಗುವುದು. ಯೂನಿಕೋಡಿನಲ್ಲೇ ಪುಟ ಕಟ್ಟುವವರು ಸಿಕ್ಕರೆ ಆ ತಲೆನೋವೇ ಇಲ್ಲ, ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ, ಓದುವವರಲ್ಲಿ ಅರ್ಧ ಜನ ಎಪ್ಪತ್ತು ದಾಟಿದವರು.

ಆಕಾರ ಡೆಮಿ 1/8, ಸಾಮಾನ್ಯ ಕಾದಂಬರಿಯ ಅಳತೆ. ಒಳಪುಟ 80 ಜಿಎಸ್‌ಎಂ (ಕಾಗದದ ದಪ್ಪ ಸೂಚಿಸುವ ತೂಕ, ಚದರ ಮೀಟರಿಗೆ ಇಷ್ಟು ಗ್ರಾಂ ಎಂದು) ಮ್ಯಾಪ್‌ಲಿಥೋ ಎಂಬ ಹೊಳಪಿಲ್ಲದ ಕಾಗದ, 64 ಪುಟ, ಅಂದರೆ ಹದಿನಾರು ಪುಟದ ನಾಲ್ಕು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ). 66 ಪುಟ ಆಗುವಂತಿದ್ದರೆ ಎರಡು ಪುಟ ಕತ್ತರಿಸುವುದೇ ಜಾಣತನ. ಫೋಟೋಗಳಿಗೆ 130 ಜಿಎಸ್‌ಎಂ ಆರ್ಟ್ ಪೇಪರಿನ ಎಂಟು ಪುಟ, ಸೆಂಟರ್ ಪಿನ್ (ಹಾಳೆಗಳನ್ನು ಒಂದರೊಳಗೊಂದು ಮಡಚಿ ಮಡಿಕೆಯ ಮೇಲೆ ಪಿನ್ ಹೊಡೆಯುವ ಕಟ್ಟು) ಆದ್ದರಿಂದ ನಟ್ಟನಡುವೆ. ಮ್ಯಾಪ್‌ಲಿಥೋ ಶಾಯಿ ಹೀರುತ್ತದೆ, ಅದರ ಮೇಲೆ ಹಾಕಿದ ಕಪ್ಪು-ಬಿಳುಪು ಮುಖಗಳು ಕಂದಿಹೋಗುತ್ತವೆ. ಅಲ್ಲಿ ಹಾಕಲೇಬೇಕಾದ ಚಿತ್ರವನ್ನು ಪರದೆಯ ಮೇಲೆ ತುಸು ಜಾಸ್ತಿಯೇ ತಿಳಿ ಮಾಡಿ ಕೊಡಬೇಕು. ಸೆಂಟರ್ ಪಿನ್ನಿನಲ್ಲಿ ನಡುವಿನ ಪುಟಗಳು ಹೊರಗೆ ಚಾಚಿ, ಕತ್ತರಿಸುವಾಗ ಅವುಗಳ ಅಂಚು ಹೆಚ್ಚು ಹೋಗುತ್ತದೆ. ಹೊರ ಅಂಚಿನಲ್ಲಿ 15 ಮಿಲಿಮೀಟರ್ ಬಿಡದಿದ್ದರೆ ಪುಟಸಂಖ್ಯೆಗೆ ಕತ್ತರಿ. ರಕ್ಷಾಪುಟ 300 ಜಿಎಸ್‌ಎಂ, ಮ್ಯಾಟ್ ಲ್ಯಾಮಿನೇಷನ್. ನೂರರ ಆಸುಪಾಸಿನ ಪ್ರತಿಗೆ ಡಿಜಿಟಲ್ ಮುದ್ರಣ ಅಗ್ಗ, ಐನೂರು ದಾಟಿದರೆ ಆಫ್‌ಸೆಟ್. ನಡುವಿನ ಸಂಖ್ಯೆಗೆ ಎರಡು ಕಡೆಯ ದರವನ್ನೂ ಕೇಳಿ ನೋಡುವುದು ಒಳ್ಳೆಯದು.

ಕರಡು ತಿದ್ದಲು ಇಡೀ ಪುಸ್ತಕವನ್ನು ಎಲ್ಲರಿಗೂ ಕಳಿಸಬೇಡಿ, ಎಲ್ಲರೂ ಎಲ್ಲವನ್ನೂ ತಿದ್ದತೊಡಗುತ್ತಾರೆ. ಆಯಾ ಮನೆಯ ಹೆಸರುಗಳಿರುವ ಪುಟ ಆಯಾ ಮನೆಗೆ, ವಾಪಸು ಕೊಡುವ ತಾರೀಕಿನ ಸಮೇತ. ವಾಕ್ಯ ತಪ್ಪಿದರೆ ಯಾರೂ ಕೇಳುವುದಿಲ್ಲ. ಹೆಸರಿನ ಕಾಗುಣಿತ ತಪ್ಪಿದರೆ, ಸೊಸೆಯ ಇನಿಷಿಯಲ್ ಬಿಟ್ಟುಹೋದರೆ ವರ್ಷಗಟ್ಟಲೆ ಮಾತು. ಎಲ್ಲಕ್ಕಿಂತ ಅಪಾಯಕಾರಿ 'ದಿ.' ಎಂಬ ಒಂದಕ್ಷರ. ಬದುಕಿದ್ದವರ ಹೆಸರಿಗೆ ಅದು ಅಂಟಿದರೂ ಕಷ್ಟ, ತೀರಿದವರಿಗೆ ಬಿಟ್ಟುಹೋದರೂ ಕಷ್ಟ. ವಂಶವೃಕ್ಷದಲ್ಲಿ 'ದಿ.' ಇರುವ ಹೆಸರುಗಳನ್ನಷ್ಟೇ ಪಟ್ಟಿ ಮಾಡಿ, ಯಂತ್ರಕ್ಕೆ ಹೋಗುವ ಹಿಂದಿನ ದಿನ ಇನ್ನೊಮ್ಮೆ ಓದಬೇಕು. ಕರಡಿಗೂ ಅಚ್ಚಿಗೂ ನಡುವಿನ ತಿಂಗಳಲ್ಲಿ ಆ ಪಟ್ಟಿ ಬೆಳೆಯಲೂಬಹುದು. ಕಾಯಿಲೆಯ ವಿವರ, ಪಾಲಿನ ತಂಟೆ, ಫೋನ್ ನಂಬರು ಇವು ಮೂರನ್ನು ಕೈಬಿಟ್ಟೆವು. ಪಾಲಿನ ತಂಟೆ ಅಜ್ಜಿಯ ಬದುಕಿನ ದೊಡ್ಡ ಅಧ್ಯಾಯವೇ ಆಗಿದ್ದರೂ, ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ದಿನ ಹಂಚುವ ಪುಸ್ತಕ ಅದು. ರೆಕಾರ್ಡಿಂಗಿನಲ್ಲಿ ಮಾತ್ರ ಅದನ್ನು ಕತ್ತರಿಸದೆ ಇಟ್ಟಿದ್ದೇವೆ.

ಮೂಲ ಫೋಟೋಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿ ಇಡುವುದು. ಪ್ಲಾಸ್ಟಿಕ್ ಕವರು ಮಲೆನಾಡಿನಲ್ಲಿ ಒಳಗೇ ಬೆವರುತ್ತದೆ. ಸ್ಕ್ಯಾನ್, ಧ್ವನಿ, ಪುಸ್ತಿಕೆಯ ಪಿಡಿಎಫ್ ಎಲ್ಲವೂ ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಊರಿನ ಮನೆಗಳಲ್ಲಿ. ಪುಸ್ತಿಕೆ ಹಂಚಿದ ದಿನ ಸಂಜೆಯೇ ತಿದ್ದುಪಡಿಗಳು ಬರತೊಡಗುತ್ತವೆ: ಆ ಹಸುವಿನ ಹೆಸರು ಅದಲ್ಲ, ಆ ಫೋಟೋದಲ್ಲಿ ಎಡದಿಂದ ಮೂರನೆಯವರು ನಮ್ಮ ಸೋದರಮಾವ. ಅದಕ್ಕಾಗಿ ಒಂದು ಪ್ರತಿಯನ್ನು ಹಂಚದೆ ಇಟ್ಟುಕೊಂಡು, ಪ್ರತಿ ತಿದ್ದುಪಡಿಯನ್ನೂ ಅಂಚಿನಲ್ಲಿ ಪೆನ್ಸಿಲಿನಿಂದ, ಹೇಳಿದವರ ಹೆಸರು-ತಾರೀಕಿನ ಸಹಿತ ಬರೆಯುತ್ತಿದ್ದೇವೆ. ಪಿಡಿಎಫ್ ತಿದ್ದುವುದು ವರ್ಷಕ್ಕೊಮ್ಮೆ, ತಿಥಿಯ ಮುಂಚಿನ ವಾರ.